ಅಮ್ಮನನ್ನು ಕರೆದುಕೊಂಡು ಲಕ್ಷದ್ವೀಪದ ಹಡಗು ಹತ್ತಿದ ನನ್ನ ಅನುಭವ

ಲಕ್ಷದ್ವೀಪಕ್ಕೆ ಹೇಗೆ ಹೋಗುವುದು ಅಂತ ಈಚೆಗೆ ತುಂಬಾ ಜನ ಕೇಳುತ್ತಿದ್ದಾರೆ. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ ಇದೆ, ಒಂದೂವರೆ ಗಂಟೆಯ ದಾರಿ. ನಾವು ಹೋಗಿದ್ದು ಹಡಗಿನಲ್ಲಿ, ಐದು ದಿನ. ಯಾರು ಕೇಳಿದರೂ ನಾನು ಹೇಳುವುದು ಒಂದೇ, ಒಮ್ಮೆ ಹಡಗಿನಲ್ಲೇ ಹೋಗಿ ಅಂತ. ಅದರಲ್ಲೂ ಮನೆಯಲ್ಲಿ ವಯಸ್ಸಾದವರು ಇದ್ದು, ಅವರಿಗೆ ಹೋಗುವ ಆಸೆ ಇದ್ದರೆ.

2019ರ ಫೆಬ್ರವರಿಯ ಮಾತು. ಅಮ್ಮನಿಗೆ ಆಗ 67. ಎರಡೂ ಮಂಡಿ ನೋವು. ಬಸ್ಸಲ್ಲಿ ಎರಡು ತಾಸು ಕೂತರೆ ಕಾಲು ಊದಿಕೊಳ್ಳುತ್ತದೆ. ಪ್ರವಾಸ ಅಂದರೆ ಬೆಳಿಗ್ಗೆ ಎದ್ದು ಪೆಟ್ಟಿಗೆ ಕಟ್ಟುವುದು, ರೂಮು ಖಾಲಿ ಮಾಡುವುದು, ಮತ್ತೆ ಗಾಡಿ, ಮತ್ತೆ ಮೆಟ್ಟಿಲು, ಇದೆಲ್ಲ ಅವರಿಗೆ ಆಗುವುದಿಲ್ಲ. ಆದರೆ ದ್ವೀಪ ನೋಡಬೇಕು ಅನ್ನುವ ಆಸೆ ಅವರಿಗೆ ಚಿಕ್ಕಂದಿನಿಂದ ಇತ್ತು. ಅದಕ್ಕೆ ಕಾರಣ ನನ್ನ ಅಜ್ಜ. ಅವರು ಮಂಗಳೂರು ಬಂದರಿನ ಒಂದು ಸಗಟು ವ್ಯಾಪಾರದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದ್ವೀಪದವರು ಮಂಜಿ ಅನ್ನುವ ಹಾಯಿದೋಣಿಯಲ್ಲಿ ತೆಂಗಿನ ನಾರಿನ ಹುರಿ, ಕೊಬ್ಬರಿ ತಂದು ಇಳಿಸಿ, ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಕಾಲ ಅದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ಎಷ್ಟು ಜನರಿಗೆ ಗೊತ್ತು? ಅದಕ್ಕೂ ಹಿಂದೆ, 1780ರ ದಶಕದಲ್ಲಿ, ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪು ಹತ್ತಿರ ಮೊರೆ ಇಟ್ಟಿದ್ದರು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ದ್ವೀಪಕ್ಕೆ ಹೋಗುತ್ತದೆ. ದಕ್ಕೆಗೆ ಹೋದರೆ ತುಂಬಿಸುವುದನ್ನು ನೋಡಬಹುದು. ಅಜ್ಜ ಒಮ್ಮೊಮ್ಮೆ ಒಣಗಿದ ಬಾಳೆ ಎಲೆಯಲ್ಲಿ ಸುತ್ತಿದ ಒಂದು ತೆಂಗಿನಕಾಯಿ ಉಂಡೆ ತರುತ್ತಿದ್ದರಂತೆ. ದ್ವೀಪದವರು ಕೊಟ್ಟದ್ದು. ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ.

ಮೊದಲು ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು. ನಾವು ಹೋಗಿದ್ದು ಅಲ್ಲಿನ ಆಡಳಿತದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' (SPORTS) ನಡೆಸುತ್ತಿದ್ದ 'ಸಮುದ್ರಂ' ಪ್ಯಾಕೇಜಿನಲ್ಲಿ, ಹಡಗು ಎಂ.ವಿ. ಕವರತ್ತಿ. ಪೊಲೀಸ್ ಠಾಣೆಯಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಬೇಕಿತ್ತು. ನಾನು ಒಬ್ಬ ಏಜೆಂಟನ್ನು ನಂಬಿ ಹತ್ತು ದಿನದಲ್ಲಿ ಎಲ್ಲ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಮೊದಲು ಬುಕ್ ಮಾಡಿದ್ದ ಹಡಗು ತಪ್ಪಿಯೇ ಹೋಯಿತು, ರೈಲು ಟಿಕೆಟಿನ ದುಡ್ಡೂ ಹೋಯಿತು. ಎರಡನೇ ಸಲ ನಾನೇ ಠಾಣೆಗೆ ಹೋಗಿ ಅರ್ಜಿ ಕೊಟ್ಟೆ, ಎರಡು ತಿಂಗಳ ಮೊದಲೇ ಶುರು ಮಾಡಿದ್ದೆ. ನೀವೂ ಹಾಗೇ ಮಾಡಿ. ದರ, ದಿನಾಂಕ, ಯಾವ ಹಡಗು ಅನ್ನುವುದೆಲ್ಲ ಬದಲಾಗುತ್ತಾ ಇರುತ್ತದೆ, ಹಾಗಾಗಿ ಹೊರಡುವ ಮೊದಲು ಅವರನ್ನೇ ಕೇಳುವುದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಹೋಗಲೇಬೇಡಿ.

ಮಂಗಳೂರಿಂದ ರಾತ್ರಿ ರೈಲಿಗೆ ಎರ್ನಾಕುಲಂ, ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪ. ಮಧ್ಯಾಹ್ನ 3 ಗಂಟೆಗೆ ಹಡಗು ಬಿಟ್ಟಿತು. ಬಿಟ್ಟಿತು ಅಂತ ನಮಗೆ ಗೊತ್ತಾಗಿದ್ದೇ ದಡದಲ್ಲಿದ್ದ ಕ್ರೇನು ಹಿಂದೆ ಹೋಗುವುದು ಕಂಡಾಗ. ಒಂದು ಕುಲುಕು ಇಲ್ಲ. ಫೋರ್ಟ್ ಕೊಚ್ಚಿ ಎಡಗಡೆ, ವೈಪಿನ್ ಬಲಗಡೆ, ಎರಡೂ ಕಡೆ ಚೀನೀ ಬಲೆಗಳು, ಬಲೆ ಎಳೆಯುವವರು ತಲೆ ಎತ್ತಿ ನೋಡುವುದು ಕೂಡ ಕಾಣುವಷ್ಟು ನಿಧಾನ. ಅಮ್ಮ ಕಟಕಟೆ ಹಿಡಿದುಕೊಂಡು ಅವರಿಗೆ ಕೈ ಬೀಸಿದರು. ಒಬ್ಬ ಬೀಸಿದ ವಾಪಸ್ಸು.

ಈ ನಿಧಾನದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಹೋದವರಲ್ಲಿ ಕೆಲವರಿಗೆ ಬೇಜಾರಾಗುವುದು ಇದೇ. ಮೊದಲ ದ್ವೀಪ ಕಲ್ಪೇನಿ, ಕೊಚ್ಚಿಯಿಂದ 287 ಕಿಲೋಮೀಟರ್. ನಾವು ಅಲ್ಲಿ ಮುಟ್ಟಿದ್ದು ಮರುದಿನ ಬೆಳಿಗ್ಗೆ 7ಕ್ಕೆ. ಅಂದರೆ 16 ಗಂಟೆ. ಲೆಕ್ಕ ಹಾಕಿ ನೋಡಿ, ಗಂಟೆಗೆ 18 ಕಿಲೋಮೀಟರ್, ಸೈಕಲ್ ತುಳಿಯುವವರ ವೇಗ. ಹಡಗಿಗೆ ಶಕ್ತಿ ಇಲ್ಲ ಅಂತ ಅಲ್ಲ. ವಾಪಸ್ ಬರುವಾಗ ಕವರತ್ತಿ ದ್ವೀಪದಿಂದ ಕೊಚ್ಚಿಗೆ 404 ಕಿಲೋಮೀಟರನ್ನು ಅದು ಹದಿನಾರೂವರೆ ಗಂಟೆಯಲ್ಲೇ ಮುಗಿಸಿತು. ಬೇಗ ಹೋಗಿ ಮಾಡುವುದೇನಿದೆ? ರಾತ್ರಿ ಎರಡಕ್ಕೆ ದ್ವೀಪ ಮುಟ್ಟಿದರೆ ಯಾರನ್ನೂ ಇಳಿಸಲಿಕ್ಕೆ ಆಗುವುದಿಲ್ಲ. ಸುತ್ತ ಹವಳದ ದಿಬ್ಬ, ಅದರೊಳಗಿನ ಕಿರಿದಾದ ದಾರಿಯಲ್ಲಿ ಸಣ್ಣ ಬೋಟು ಹೋಗಬೇಕು, ಅದಕ್ಕೆ ಬೆಳಕು ಬೇಕು. ಇನ್ನೊಂದು, ಎಣ್ಣೆ. ಹಡಗಿನ ವೇಗ ಎರಡರಷ್ಟು ಮಾಡಬೇಕಾದರೆ ಇಂಜಿನ್ನಿಗೆ ಹೆಚ್ಚುಕಡಿಮೆ ಎಂಟರಷ್ಟು ಶಕ್ತಿ ಬೇಕು, ನೀರು ಅಷ್ಟು ತಡೆಯುತ್ತದೆ. ಹಾಗಾಗಿ ರಾತ್ರಿ ಇಡೀ ನಿಧಾನಕ್ಕೆ ಹೋಗು, ಬೆಳಗಾಗುವಾಗ ದ್ವೀಪದ ಎದುರು ನಿಲ್ಲು, ಇದೇ ಅದರ ಕ್ರಮ. ನಮಗೂ ಇದರಿಂದ ಲಾಭವೇ. ಮಲಗಿದ ಹಾಸಿಗೆ ಅದೇ, ಕಿಟಕಿಯ ಹೊರಗೆ ಊರು ಬೇರೆ. ಪೆಟ್ಟಿಗೆ ಐದು ದಿನ ಒಂದೇ ಕಡೆ ಇತ್ತು. ಅಮ್ಮನಂಥವರಿಗೆ ಇದಕ್ಕಿಂತ ಸುಖದ ಪ್ರಯಾಣ ನನಗಂತೂ ಗೊತ್ತಿಲ್ಲ.

ಕಷ್ಟ ಇರುವುದು ಒಂದೇ ಕಡೆ. ಹಡಗಿನಿಂದ ಬೋಟಿಗೆ ಇಳಿಯುವಾಗ.

ಇದನ್ನು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ, ಅದಕ್ಕೇ ನಾನು ವಿವರವಾಗಿ ಹೇಳುತ್ತೇನೆ. ಕಲ್ಪೇನಿಯಲ್ಲಿ ಹಡಗು ಹವಳದ ದಿಬ್ಬದ ಹೊರಗೆ, ಆಳ ಸಮುದ್ರದಲ್ಲೇ ನಿಂತಿತು. ಹಡಗಿನ ಪಕ್ಕದಲ್ಲಿ, ನೀರಿನಿಂದ ಸ್ವಲ್ಪ ಮೇಲೆ, ಒಂದು ಬಾಗಿಲು ತೆರೆದರು. ಕೆಳಗೆ ಮರದ ಬೋಟು. ಹಡಗು ಅಲ್ಲಾಡುವುದು ಕಾಣುವುದೇ ಇಲ್ಲ, ಬೋಟು ಮಾತ್ರ ಒಂದು ಕ್ಷಣ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಒಂದಾಳುದ್ದ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ. ನಡುವೆ ಕಡು ನೀಲಿ ನೀರು ಚಳ್ ಅಂತ ಚಿಮ್ಮುತ್ತದೆ. ಬಾಗಿಲಲ್ಲಿ ಇಬ್ಬರು, ಬೋಟಿನಲ್ಲಿ ಇಬ್ಬರು. 'ವಾ, ವಾ' (ಬಾ, ಬಾ) ಅನ್ನುತ್ತಾರೆ, ಆಗ ಕಾಲಿಡಬೇಕು. ಅಮ್ಮ ಬಾಗಿಲ ತನಕ ಬಂದರು. ಸೀರೆಯ ನೆರಿಗೆ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ. ಬೋಟು ಕೆಳಗೆ ಹೋಗುವುದನ್ನು ನೋಡಿದರು. ಕಾಲು ಎತ್ತಲೇ ಇಲ್ಲ.

"ನೀನು ಹೋಗು ಮಗಾ. ನನ್ನಿಂದ ಆಗುದಿಲ್ಲ. ನಾನು ಇಲ್ಲೇ ಕೂತ್ಕೊಳ್ತೇನೆ" ಅಂದರು.

ಒತ್ತಾಯ ಮಾಡಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಅವರನ್ನು ಡೆಕ್ಕಿನ ನೆರಳಲ್ಲಿ ಕೂರಿಸಿ ನಾನೊಬ್ಬಳೇ ಹೋದೆ. ಕಲ್ಪೇನಿ ಚೆನ್ನಾಗಿತ್ತು. 1847ರ ಬಿರುಗಾಳಿ ತಂದು ಹಾಕಿದ ಹವಳದ ಕಲ್ಲಿನ ರಾಶಿ ಪೂರ್ವದ ದಡದಲ್ಲಿ ಇನ್ನೂ ಇದೆ. ಆದರೆ ನನಗೆ ಅಲ್ಲಿ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಅಷ್ಟು ದೂರದಿಂದ ಕರೆದುಕೊಂಡು ಬಂದು, ಹಡಗಿನಲ್ಲಿ ಬಿಟ್ಟು ಬಂದೆನಲ್ಲ ಅಂತ ಒಳಗೊಳಗೇ ಅಳು.

ಸಂಜೆ ವಾಪಸ್ ಬಂದು ನೋಡಿದರೆ ಅಮ್ಮ ನಗುತ್ತಾ ಕೂತಿದ್ದಾರೆ, ಪಕ್ಕದಲ್ಲಿ ಅವರದೇ ವಯಸ್ಸಿನ ಇನ್ನೊಬ್ಬರು. ಈ ಹಡಗಿನಲ್ಲಿ ನಮ್ಮಂಥ ಪ್ರವಾಸಿಗಳು ಮಾತ್ರ ಅಲ್ಲ, ದ್ವೀಪದ ಜನರೂ ಬರುತ್ತಾರೆ, ಅವರಿಗೆ ಇದೇ ಬಸ್ಸು. ಆಕೆ ಕವರತ್ತಿಯವರು, ಕೊಚ್ಚಿಯ ಆಸ್ಪತ್ರೆಗೆ ಹೋಗಿ ಮರಳುತ್ತಿದ್ದರು. ಯಾವ ಭಾಷೆಯಲ್ಲಿ ಮಾತಾಡಿದಿರಿ ಅಂತ ಕೇಳಿದೆ. ಬ್ಯಾರಿ ಭಾಷೆಯಲ್ಲಂತೆ! ನಮ್ಮ ನೆರೆಮನೆಯವರು ಬ್ಯಾರಿಗಳು, ನಲವತ್ತು ವರ್ಷದ ಒಡನಾಟ, ಅಮ್ಮನಿಗೆ ಬ್ಯಾರಿ ಭಾಷೆ ಚೆನ್ನಾಗಿ ಬರುತ್ತದೆ. ದ್ವೀಪದವರದು ಜಸರಿ, ಅದೂ ಮಲಯಾಳದ ಹತ್ತಿರದ್ದು, ಇದೂ ಹಾಗೆ. ಅರ್ಧ ಅರ್ಧ ಸೇರಿ ಪೂರ್ತಿ ಮಾತಾಗಿದೆ. ಆಕೆ ಅಮ್ಮನಿಗೆ ಬೋಟು ಇಳಿಯುವ ಪಾಠ ಹೇಳಿಕೊಟ್ಟಿದ್ದರು, ಜೀವನ ಇಡೀ ಅದನ್ನೇ ಮಾಡಿದವರು ಅಲ್ವಾ. ಕಷ್ಟ ಮಂಡಿಯದ್ದಲ್ಲ, ಸೀರೆಯದ್ದು. ಎರಡೂ ಕೈ ಖಾಲಿ ಇರಬೇಕು. ಬೋಟಿನವರ ಕೈಯನ್ನು ನಾವು ಹಿಡಿಯಬಾರದು, ಅವರು ನಮ್ಮ ಮೊಣಕೈಯ ಮೇಲೆ ಹಿಡಿಯಲಿ ಅಂತ ತೋಳು ಬಿಟ್ಟುಕೊಡಬೇಕು, ನಾವು ಹಿಡಿದರೆ ಒದ್ದೆ ಕೈ ಜಾರುತ್ತದೆ, ಅವರು ಹಿಡಿದರೆ ಬಿಡುವುದಿಲ್ಲ. ಕೆಳಗೆ ನೋಡಬಾರದು, ಎದುರಿನವನ ಮುಖ ನೋಡಬೇಕು. ಬೋಟು ಪೂರ್ತಿ ಮೇಲೆ ಬಂದಾಗ ಅದು ಒಂದು ಕ್ಷಣ ನಿಂತ ಹಾಗೆ ಇರುತ್ತದೆ, ಕಾಲಿಡುವುದು ಆಗ. ಹಾರಬಾರದು, ಸುಮ್ನೆ ಮೆಟ್ಟಿಲು ಇಳಿದ ಹಾಗೆ.

ಆ ರಾತ್ರಿ ಹಡಗು ಮಿನಿಕಾಯ್ ದ್ವೀಪದ ಕಡೆಗೆ ಹೊರಟಿತು. ನಡುವೆ ಇರುವುದು ಒಂಬತ್ತು ಡಿಗ್ರಿ ಚಾನೆಲ್, ಸೂಯೆಜ್ ಕಡೆಯಿಂದ ಕೊಲಂಬೊ, ಸಿಂಗಾಪುರಕ್ಕೆ ಹೋಗುವ ದೊಡ್ಡ ಹಡಗುಗಳ ಹೆದ್ದಾರಿ. ಅಲ್ಲಿ ಮಾತ್ರ ಸ್ವಲ್ಪ ತೂಗಾಟ ಇತ್ತು. ಹಡಗು ತೂಗುವುದು ಏತದ ಹಲಗೆ ತೂಗಿದ ಹಾಗೆ, ತುದಿಗಳಲ್ಲಿ ಜಾಸ್ತಿ, ನಡುವೆ ಕಡಿಮೆ. ನಿಮಗೆ ಆಯ್ಕೆ ಸಿಕ್ಕಿದರೆ ಕೆಳಗಿನ ಮಾಳಿಗೆಯಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ವಾಂತಿ ಮಾತ್ರೆಯನ್ನು ತೂಗಾಟ ಶುರುವಾದ ಮೇಲೆ ತಿಂದರೆ ಪ್ರಯೋಜನ ಇಲ್ಲ, ಮೊದಲೇ ತಿನ್ನಬೇಕು. ಬಿಪಿ, ಶುಗರ್ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಅಮ್ಮನಿಗೆ ನಿದ್ದೆ ಬರಲಿಲ್ಲ. ಇಬ್ಬರೂ ಡೆಕ್ಕಿಗೆ ಬಂದು ಶಾಲು ಹೊದ್ದು ಕೂತೆವು. ಫೋನಿಗೆ ಸಿಗ್ನಲ್ ಇಲ್ಲ. ಸುತ್ತ ಕತ್ತಲು, ದೂರದಲ್ಲಿ ಹಡಗಿನ ದೀಪಗಳು. ಅಮ್ಮ ಎಣಿಸುತ್ತಾ ಹೋದರು, ಹನ್ನೊಂದು ಸಿಕ್ಕಿತು. ಅಜ್ಜ ಲೆಕ್ಕ ಬರೆಯುತ್ತಿದ್ದ ಮಂಡಿಯ ಕಥೆಯೆಲ್ಲ ಆ ರಾತ್ರಿ ಹೇಳಿದರು. ದ್ವೀಪದವರು ಹುರಿ ತೂಕ ಮಾಡಿಸಿ, ಅಕ್ಕಿ ತೆಗೆದುಕೊಂಡು, ಒಳ್ಳೆ ಗಾಳಿ ಬರುವ ತನಕ ವಾರಗಟ್ಟಲೆ ಬಂದರಿನಲ್ಲೇ ಕಾಯುತ್ತಿದ್ದರಂತೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದರೂ ನಾನು ಅದನ್ನು ಕೇಳಿರಲಿಲ್ಲ. ಕೇಳಲಿಕ್ಕೆ ಇಷ್ಟು ಹೊತ್ತು ಯಾವತ್ತೂ ಕೂತೇ ಇರಲಿಲ್ಲ.

ಬೆಳಿಗ್ಗೆ ಮಿನಿಕಾಯ್. ಅಮ್ಮ ನನ್ನ ಚೂಡಿದಾರ ಕೇಳಿದರು. ಜನ್ಮದಲ್ಲಿ ಹಾಕಿದವರಲ್ಲ. ಪ್ಯಾಂಟಿನ ಕಾಲು ಉದ್ದ ಆಯಿತು, ಎರಡು ಮಡಿಕೆ ಮಡಚಿ ಸೇಫ್ಟಿ ಪಿನ್ ಹಾಕಿದೆ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಚೀಲ ನನ್ನ ಬೆನ್ನಿಗೆ. ಬಾಗಿಲಲ್ಲಿ ನಿಂತು ತೋಳು ಎರಡೂ ಚಾಚಿದರು. ಬೋಟು ಒಮ್ಮೆ ಬಂತು, ಹೋಯಿತು. ಎರಡನೇ ಸಲ ಬಂತು, 'ವಾ' ಅಂದ, ಕಾಲಿಟ್ಟರು. ಅಷ್ಟೇ. ನಾನು ಉಸಿರು ಬಿಡುವಷ್ಟರಲ್ಲಿ ಅವರು ಬೋಟಿನ ಹಲಗೆಯ ಮೇಲೆ ಕೂತಾಗಿತ್ತು, ಮೇಲೆ ನೋಡಿ "ಬಾ ಮಾರಾಯ್ತಿ, ಎಂತ ನೋಡ್ತಾ ನಿಂತಿದ್ದಿ" ಅಂದರು.

ದಿಬ್ಬ ದಾಟಿ ಲಗೂನಿನೊಳಗೆ, ಅಂದರೆ ದಿಬ್ಬಕ್ಕೂ ದಡಕ್ಕೂ ನಡುವಿನ ಆಳವಿಲ್ಲದ ನೀರಿಗೆ, ಬಂದ ಕೂಡಲೇ ನೀರಿನ ಬಣ್ಣ ಬದಲಾಗುತ್ತದೆ, ಕಡು ನೀಲಿ ಇದ್ದದ್ದು ತಿಳಿ ಹಸಿರು, ಅಲೆ ಪೂರ್ತಿ ನಿಲ್ಲುತ್ತದೆ. ಮಿನಿಕಾಯಲ್ಲಿ ಅಮ್ಮನ ಬ್ಯಾರಿ ಭಾಷೆ ನಡೆಯಲಿಲ್ಲ, ಅಲ್ಲಿಯವರದು ಮಹಲ್, ಮಾಲ್ಡೀವ್ಸಿನ ಭಾಷೆಯ ಕುಲ. 1885ರ ದೀಪಸ್ತಂಭ ಇದೆ, ನಾನು ಹತ್ತಿದೆ, ಅಮ್ಮ ಕೆಳಗೆ ತೆಂಗಿನ ಮರದಡಿ ಕೂತರು. ಮಧ್ಯಾಹ್ನ ಊಟಕ್ಕೆ ಚೂರ ಮೀನು, ಅಂದರೆ ಟ್ಯೂನಾ. ಇವರು ಅದನ್ನು ಬಲೆ ಹಾಕಿ ಹಿಡಿಯುವುದಿಲ್ಲ, ಜೀವಂತ ಸಣ್ಣ ಮೀನನ್ನು ಸಮುದ್ರಕ್ಕೆ ಎಸೆದು ಟ್ಯೂನಾ ಹಿಂಡನ್ನು ಹತ್ತಿರ ಕರೆದು, ಒಂದೊಂದನ್ನೇ ಗಾಳದ ಕೋಲಿನಲ್ಲಿ ಎತ್ತಿ ಹಾಕುತ್ತಾರೆ. ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದ ಮಾಸ್‌ಮಿನ್ ಕೊಂಡೆವು. ಕೈಗೆ ಮರದ ತುಂಡು ಹಿಡಿದ ಹಾಗೆ ಗಟ್ಟಿ. ಮನೆಗೆ ಬಂದ ಮೇಲೆ ತುರಿದು ಚಟ್ನಿ ಮಾಡಿದರು ಅಮ್ಮ, ಆರು ತಿಂಗಳು ಬಂತು.

ಮರುದಿನ ಕವರತ್ತಿ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಕುಡಿಯುವ ನೀರು. ಉಪ್ಪು ನೀರನ್ನು ಸಿಹಿ ಮಾಡುವ ಘಟಕ ಅಲ್ಲಿ 2005ರಿಂದ ಇದೆ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್ಐಒಟಿಯವರು ಕಟ್ಟಿದ್ದು, ದಿನಕ್ಕೆ ಒಂದು ಲಕ್ಷ ಲೀಟರ್. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿ ಮಾಡಿ, ಆಳ ಸಮುದ್ರದಿಂದ ಎಳೆದ ತಣ್ಣೀರಿನಿಂದ ತಣಿಸುತ್ತಾರೆ. ನಾನು ಒಂದು ಲೋಟ ಕುಡಿದೆ, ನಮ್ಮ ಬಾವಿ ನೀರಿನ ಹಾಗೇ ಇತ್ತು.

ಹಡಗಿನಲ್ಲಿ ಸ್ನೇಹ ಆದ ಆಕೆ ಇಳಿದದ್ದೂ ಇಲ್ಲೇ. ಮಧ್ಯಾಹ್ನ ನಾವು ದಡದಲ್ಲಿ ಕೂತಿದ್ದಾಗ ಮೊಮ್ಮಗನ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದರು. ಒಣ ಬಾಳೆ ಎಲೆ, ಮೇಲೆ ನಾರಿನ ದಾರ. ಬಿಚ್ಚಿದರೆ ಕಂದು ಬಣ್ಣದ ಉಂಡೆಗಳು, ತೆಂಗಿನಕಾಯಿ, ಬೆಲ್ಲ. ಅಮ್ಮ ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಸ್ವಲ್ಪ ಮೆತ್ತಗೆ ಉಂಟು. ಅಪ್ಪ ತರುತ್ತಿದ್ದದ್ದು ಗಟ್ಟಿ ಇರ್ತಿತ್ತು, ಮಂಗಳೂರಿಗೆ ಬರುವಷ್ಟರಲ್ಲಿ ಒಣಗುತ್ತಿತ್ತೋ ಏನೋ" ಅಂದರು.

ನಾಲ್ಕು ಉಂಡೆ ಉಳಿಸಿ ಎಲೆಯಲ್ಲಿ ಮತ್ತೆ ಸುತ್ತಿ ಇಟ್ಟರು. ಸಂಜೆ 6ಕ್ಕೆ ಹಡಗು ಬಿಟ್ಟಿತು. ಮರುದಿನ ಹತ್ತೂವರೆಗೆ ಚೀನೀ ಬಲೆಗಳು ಮತ್ತೆ ಕಾಣುವಾಗ ಅಮ್ಮ ಡೆಕ್ಕಿನಲ್ಲಿ ಚಾ ಕುಡಿಯುತ್ತಾ, ಪೊಟ್ಟಣ ಬಿಚ್ಚಿ ಉಂಡೆಯನ್ನು ಒತ್ತಿ ನೋಡುತ್ತಿದ್ದರು.