ವಾರ್ಸಾದ ಸಮ್ಮೇಳನಕ್ಕೆ ಮೂಡಿಗೆರೆಯ ಕಾಫಿ ಲೆಕ್ಕ ಒಯ್ದಿದ್ದು

ನಾನು ಚಿಕ್ಕಮಗಳೂರು ಜಿಲ್ಲೆಯ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. 2023ರ ಜುಲೈನಲ್ಲಿ ಪೋಲೆಂಡಿನ ವಾರ್ಸಾಕ್ಕೆ ಹೋಗಿ ಅಕಾಡೆಮಿ ಆಫ್ ಇಂಟರ್‌ನ್ಯಾಷನಲ್ ಬಿಸಿನೆಸ್ ಅನ್ನುವ, ಅಂತರರಾಷ್ಟ್ರೀಯ ವ್ಯಾಪಾರದ ಬಗ್ಗೆ ಸಂಶೋಧನೆ ಮಾಡುವವರ ಸಂಘದ ಸಮ್ಮೇಳನದಲ್ಲಿ ಪೇಪರ್ ಮಂಡಿಸಿ ಬಂದೆ. ಹೇಗೆ ಹೋದಿರಿ ಅಂತ ಬೇರೆ ಕಾಲೇಜಿನ ಗೆಳೆಯರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇದೇ ಸಮ್ಮೇಳನ 2015ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ಆಗ ಸುಮ್ನೆ ಕೇಳಿಸಿಕೊಂಡು ಬರೋಣ ಅಂತ ಹೋಗಿದ್ದೆ. ಚೆನ್ನಾಗಿ ಮಾತಾಡಿದವರೆಲ್ಲ ಒಂದೇ ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡು ಬಂದಿದ್ದರು. ನಾವು 'ಜಾಗತೀಕರಣ ಮತ್ತು ಭಾರತದ ಕೃಷಿ' ಅಂತ ಆಕಾಶದಷ್ಟು ದೊಡ್ಡ ಶೀರ್ಷಿಕೆ ಇಡುತ್ತೇವೆ, ಅಲ್ವಾ?

ನಾನೂ ಅದೇ ತಪ್ಪು ಮಾಡಿದೆ. ಬೇರೊಂದು ಸಮ್ಮೇಳನಕ್ಕೆ ಕಾಫಿ ರಫ್ತಿನ ಬಗ್ಗೆ ಮೂವತ್ತು ಪುಟ ಬರೆದು ಕಳಿಸಿದ್ದೆ, ವಾಪಸ್ ಬಂತು. ಮಾಹಿತಿ ಬೇಕಾದಷ್ಟಿದೆ, ಪ್ರಶ್ನೆ ಎಲ್ಲಿದೆ ಅಂತ ವಿಮರ್ಶಕರು ಕೇಳಿದ್ದರು. ಎರಡು ದಿನ ಬೇಜಾರಾಯಿತು. ಆಮೇಲೆ ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರ ಮನೆಗಳಿಗೆ ಹೋಗಿ ಕೂತೆ.

ರೊಬಸ್ಟಾ ತಳಿಯ ಕಾಫಿಯ ದರ ಲಂಡನ್ ಮಾರುಕಟ್ಟೆ ನೋಡಿ ನಡೆಯುತ್ತದೆ, ಅರೇಬಿಕಾ ತಳಿಯದು ನ್ಯೂಯಾರ್ಕ್ ನೋಡಿ. ಆ ದರ ಈಗ ಎಲ್ಲರ ಫೋನಿಗೂ ಬೆಳಗ್ಗೆಯೇ ಬರುತ್ತದೆ. ಹಾಗಿದ್ದ ಮೇಲೆ ಒಂದೇ ಊರಿನ ಅಕ್ಕಪಕ್ಕದ ಇಬ್ಬರಿಗೆ ಬೇರೆ ಬೇರೆ ಬೆಲೆ ಯಾಕೆ ಸಿಗುತ್ತದೆ? ನನಗೆ ಬೇಕಿದ್ದ ಪ್ರಶ್ನೆ ಅದೇ. ಉತ್ತರದ ಬಹುಪಾಲು ಓಟಿಯಲ್ಲಿ ಇತ್ತು. ಓಟಿ ಅಂದರೆ ಔಟ್‌ಟರ್ನ್, ಐವತ್ತು ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಎಷ್ಟು ಕೆಜಿ ಬೇಳೆ (ಸಿಪ್ಪೆ ತೆಗೆದ ಬೀಜ) ಬರುತ್ತದೆ ಅನ್ನುವ ಲೆಕ್ಕ ಅದು. ತನ್ನ ಕಾಫಿಯ ಓಟಿ ತಾನೇ ನೋಡಿಕೊಂಡು, ನಾಲ್ಕು ವಾರ ಒಣಗಿಸಿಟ್ಟು ಕಾಯುವ ಶಕ್ತಿ ಇದ್ದವರು ಚೌಕಾಸಿ ಮಾಡುತ್ತಿದ್ದರು. ಕೈಸಾಲ ಇದ್ದವರು ವ್ಯಾಪಾರಿ ಹೇಳಿದ ಓಟಿಗೇ ಹೂಂ ಅನ್ನುತ್ತಿದ್ದರು. 1990ರ ದಶಕದ ಮಧ್ಯದವರೆಗೆ ಕಾಫಿ ಮಂಡಳಿಯ ಪೂಲ್‌ಗೆ (ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುತ್ತಿದ್ದ ವ್ಯವಸ್ಥೆ) ಕೊಟ್ಟು ಅಭ್ಯಾಸವಿದ್ದ ಹಿರಿಯರೊಬ್ಬರು, ಆಗ ನಮಗೆ ಮಾರೋದು ಗೊತ್ತಿರಲಿಲ್ಲ ಸಾರ್, ಬೆಳೆಯೋದಷ್ಟೇ ಗೊತ್ತಿತ್ತು ಅಂದರು. ಆ ಮಾತನ್ನು ಪೇಪರಿನ ಮೊದಲ ಪುಟದಲ್ಲೇ ಇಟ್ಟೆ.

ಪೇಪರ್ ಕಳಿಸುವಾಗ ಒಂದು ಎಚ್ಚರ ಬೇಕು. ಬರೆದವರು ಯಾರು ಅಂತ ಅದನ್ನು ಓದಿ ತೀರ್ಮಾನಿಸುವ ವಿಮರ್ಶಕರಿಗೆ ಗೊತ್ತಾಗಬಾರದು. ಪುಟದಲ್ಲಿ ಹೆಸರು ತೆಗೆದರೆ ಸಾಲದು, ಫೈಲಿನ ಪ್ರಾಪರ್ಟೀಸ್ ಒಳಗೂ ಹೆಸರು ಕೂತಿರುತ್ತದೆ.

ವೀಸಾದ್ದು ಬೇರೆಯೇ ತಲೆನೋವು. ಪೋಲೆಂಡಿಗೂ ಯುರೋಪಿನ ಇನ್ನೂ ಹಲವು ದೇಶಗಳಿಗೂ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋವರೆಗೆ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಇರಲೇಬೇಕು. ನಾನು ಕಾಲೇಜಿನ ಎನ್‌ಒಸಿಗಾಗಿ (ಹೋಗಲು ಅಡ್ಡಿಯಿಲ್ಲ ಅನ್ನುವ ಪತ್ರ) ಕಾಯುತ್ತಾ ಕೂತೆ. ಅಷ್ಟರಲ್ಲಿ ಸ್ಲಾಟುಗಳು ಮುಗಿದಿದ್ದವು, ದಿನಾ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಕೊನೆಗೆ ಒಂದು ಹಿಡಿದೆ. ಪೇಪರ್ ಒಪ್ಪಿಗೆಯಾದ ದಿನವೇ ಎನ್‌ಒಸಿಗೆ ಅರ್ಜಿ ಕೊಡಿ.

ವಾರ್ಸಾದಲ್ಲಿ ಆಗಿದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವು ಬೇಡ ಅನ್ನುವ ಯುರೋಪಿಯನ್ ಒಕ್ಕೂಟದ ಕಾನೂನು 2023ರ ಜೂನ್ 29ಕ್ಕೆ ಜಾರಿಗೆ ಬಂದಿತ್ತು. ಅಂದರೆ ಆಗ ಸಮ್ಮೇಳನಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಅದರ ಪ್ರಕಾರ ಕಾಫಿ ಬೆಳೆದ ಜಮೀನು ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶಗಳಲ್ಲಿ ತೋರಿಸಬೇಕು. ನಾನು ಮಾತು ಮುಗಿಸುತ್ತಿದ್ದಂತೆ ಪ್ರಶ್ನೆಗಳೆಲ್ಲ ಅದರ ಮೇಲೇ ಬಂದವು. ನಮ್ಮಲ್ಲಿ ಕಾಫಿ ಮರದ ನೆರಳಲ್ಲೇ ಬೆಳೆಯುತ್ತದೆ, ಸಿಲ್ವರ್ ಓಕ್, ಹಲಸು, ಅತ್ತಿ ಮಧ್ಯೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಯಾವುದು ತೋಟ, ಯಾವುದು ಕಾಡು? ಪಹಣಿ ಇನ್ನೂ ತಾತನ ಹೆಸರಲ್ಲಿರುವ ಮೂರು ಎಕರೆಯವನು ಯಾವ ದಾಖಲೆ ಕೊಡುತ್ತಾನೆ? ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಹಾಗೆ ಹೇಳಿದ್ದೇ ಒಳ್ಳೆಯದಾಯಿತು.

ಊಟದ ಹೊತ್ತಿಗೆ ಉಗಾಂಡಾದ ರೊಬಸ್ಟಾ ಬೆಳೆಗಾರರ ಬಗ್ಗೆ ಕೆಲಸ ಮಾಡುವ ಒಬ್ಬರು ಹುಡುಕಿಕೊಂಡು ಬಂದರು. ಅಲ್ಲೂ ಇದೇ ಗೋಳಂತೆ. ಈಗ ಅವರು ಉಗಾಂಡಾದ ಮಸಾಕಾದಲ್ಲಿ, ನಾನು ಮೂಡಿಗೆರೆಯಲ್ಲಿ ಒಂದೇ ಪ್ರಶ್ನೆಪಟ್ಟಿ ಹಿಡಿದು ಓಡಾಡುತ್ತಿದ್ದೇವೆ. ಇದನ್ನು ಹೇಳಿದಾಗ, ಮಾರೋದು ಗೊತ್ತಿರಲಿಲ್ಲ ಅಂದಿದ್ದ ಆ ಹಿರಿಯರು ಮೊದಲು ಕೇಳಿದ್ದು, ಅಲ್ಲಿಯವರು ಓಟಿ ಯಾರ ಕೈಲಿ ನೋಡಿಸ್ತಾರೆ ಅಂತ. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.