ಹೆಪಟೈಟಿಸ್ ಸಿ: 84 ದಿನದ ಮಾತ್ರೆ ಹಾಳಾಗದಂತೆ ಮುಗಿಸುವುದು ಹೇಗೆ?

ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್‌ಗೆ ಈಗ ಕೊಡುವ ಮಾತ್ರೆ ಇದು: ಸೊಫೊಸ್ಬುವಿರ್ ಜೊತೆಗೆ ವೆಲ್ಪಟಾಸ್ವಿರ್ ಇಲ್ಲವೇ ಡಕ್ಲಟಾಸ್ವಿರ್, ದಿನಕ್ಕೊಂದು ಸಲ, ಬಹುತೇಕರಿಗೆ 12 ವಾರ. ಸರಿಯಾಗಿ ನುಂಗಿದರೆ ನೂರಕ್ಕೆ 95ರಷ್ಟು ಜನರ ರಕ್ತದಲ್ಲಿ ವೈರಸ್ ಉಳಿಯುವುದಿಲ್ಲ. 48 ವಾರ ಇಂಟರ್‌ಫೆರಾನ್ ಚುಚ್ಚಿಸಿಕೊಂಡು ಜ್ವರದಲ್ಲಿ ನರಳುತ್ತಿದ್ದ ಕಾಲ ಹೋಯಿತು. ಈಗ ಎಡವಟ್ಟಾಗುವುದು ಮನೆಯಲ್ಲಿ.

ಮೊದಲು ಪರೀಕ್ಷೆ. ಆಂಟಿಬಾಡಿ ಟೆಸ್ಟಿನಲ್ಲಿ ಬರುವ ‘ಆಂಟಿ ಎಚ್‌ಸಿವಿ ಪಾಸಿಟಿವ್’ ಎಂಬ ಚೀಟಿ ಹಿಡಿದು ಮಾತ್ರೆ ಶುರು ಮಾಡಬೇಡಿ. ವೈರಸ್ ಈಗಲೂ ಇದೆಯೇ ಎಂದು ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾತ್ರ. ಜೊತೆಗೇ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು: ಸಿ ತೊಲಗುತ್ತಿದ್ದಂತೆ ಸುಮ್ಮನಿದ್ದ ಬಿ ಕೆರಳಿ ಲಿವರ್ ಕೆಡಿಸಬಹುದು. ಪ್ಲೇಟ್‌ಲೆಟ್, ಲಿವರ್ ಟೆಸ್ಟ್, ಹೊಟ್ಟೆಯ ಸ್ಕ್ಯಾನ್ ನೋಡಿ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿರುವುದು, ಇದೆಯೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬುವ ಹಂತ ತಲುಪಿದ್ದರೆ ರಿಬಾವಿರಿನ್ ಎಂಬ ಇನ್ನೊಂದು ಔಷಧ ಸೇರುತ್ತದೆ, ಇಲ್ಲವೇ ಅವಧಿ 24 ವಾರಕ್ಕೆ ಏರುತ್ತದೆ. ರಿಬಾವಿರಿನ್ ಹಿಮೋಗ್ಲೋಬಿನ್ ಇಳಿಸುತ್ತದೆ. ಅದನ್ನು ತಗೊಳ್ಳುವವರು ಗಂಡನಾಗಲಿ ಹೆಂಡತಿಯಾಗಲಿ, ಮುಗಿದ ಮೇಲೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು: ಗಂಡ ತಗೊಂಡಿದ್ದರೆ 6 ತಿಂಗಳು, ಹೆಂಡತಿ ತಗೊಂಡಿದ್ದರೆ 9 ತಿಂಗಳು.

ಮೆಡಿಕಲ್ ಸ್ಟೋರಿನಲ್ಲಿ ದುಡ್ಡು ಸುರಿಯುವ ಮುಂಚೆ ಹಾಸನ, ಚಿಕ್ಕಮಗಳೂರಿನ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡೇ ವೈದ್ಯರ ಬಳಿ ಹೋಗಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಹೆಪಟೈಟಿಸ್ ಸಿ ಔಷಧವನ್ನು ರಕ್ತದಲ್ಲಿ ನಿಲ್ಲಗೊಡುವುದಿಲ್ಲ. ಹೃದಯದ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಸೇರಿದರೆ ಎದೆಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಶುಗರ್ ಇರುವವರಿಗೆ ವೈರಸ್ ಇಳಿದಂತೆ ಶುಗರೂ ಇಳಿಯಬಹುದು. ಮೊದಲ ವಾರಗಳಲ್ಲಿ ಆಗಾಗ ನೋಡಿಸಿ.

ಇನ್ನು ಎಲ್ಲರೂ ಜಾರುವ ಜಾಗ: ಗ್ಯಾಸ್ಟ್ರಿಕ್ ಮಾತ್ರೆ. ಅದನ್ನು ಔಷಧ ಅಂತಲೇ ಯಾರೂ ಲೆಕ್ಕ ಹಿಡಿಯುವುದಿಲ್ಲ, ಹಾಗಾಗಿ ವೈದ್ಯರಿಗೆ ಹೇಳುವುದೂ ಇಲ್ಲ. ವೆಲ್ಪಟಾಸ್ವಿರ್ ಕರಗುವುದಕ್ಕೆ ಹೊಟ್ಟೆಯಲ್ಲಿ ಹುಳಿ ಬೇಕು. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅಕ್ಕಿರೊಟ್ಟಿ ತಿಂದ ಮೇಲೆ ಲಿವರ್ ಮಾತ್ರೆ ಎನ್ನುವ ರೂಢಿ ಇದೆಯಲ್ಲ, ಅದು ತೀರಾ ಉಲ್ಟಾ. ಹುಳಿ ಬತ್ತಿದ ಹೊಟ್ಟೆಗೆ ಮಾತ್ರೆ ಬಿದ್ದು, ಅರ್ಧಂಬರ್ಧ ಕರಗಿ ಹಾಗೇ ಹೊರಹೋಗುತ್ತದೆ. ವೈದ್ಯರು ಒಪ್ಪಿದರೆ ಆ 12 ವಾರ ಗ್ಯಾಸ್ಟ್ರಿಕ್ ಮಾತ್ರೆಯನ್ನು ಪೂರ್ತಿ ಬಿಡುವುದೇ ಮೇಲು. ಖಾಲಿ ಹೊಟ್ಟೆಯ ಕಾಫಿ ಬಿಟ್ಟರೆ ಉರಿಯೂ ಕಡಿಮೆಯಾದೀತು. ಬಿಡಲಾಗದವರು ತಿಂಡಿಯ ಜೊತೆ ಲಿವರ್ ಮಾತ್ರೆ ನುಂಗಿ, 4 ಗಂಟೆ ಕಳೆದ ಮೇಲೆ ಗ್ಯಾಸ್ಟ್ರಿಕ್ ಮಾತ್ರೆಯಾದ ಒಮೆಪ್ರಜೋಲ್ 20 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಕುಡಿಯುವ ಆಂಟಾಸಿಡ್‌ಗೂ 4 ಗಂಟೆಯ ಅಂತರ ಇರಲಿ. ಡಕ್ಲಟಾಸ್ವಿರ್‌ಗೆ ಈ ಕಾಟ ಅಷ್ಟಿಲ್ಲ.

ಸಾಮಾನ್ಯವಾಗಿ ಒಂದು ಡಬ್ಬಿಯಲ್ಲಿ 28 ಮಾತ್ರೆ ಇರುತ್ತವೆ, 30 ಅಲ್ಲ. ತಿಂಗಳಿಗೊಂದು ಡಬ್ಬಿ ಎಂದು ಲೆಕ್ಕ ಹಾಕಿದವರಿಗೆ ಕೊನೆಯ ಎರಡು ದಿನ ತಪ್ಪುತ್ತದೆ; 24ನೇ ದಿನವೇ ಮುಂದಿನದಕ್ಕೆ ಹೊರಡಿ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದ ಥಂಡಿಗೆ ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ. ಒಳಗಿನ ಸಣ್ಣ ಪೊಟ್ಟಣ ತೇವ ಹೀರುವುದಕ್ಕೇ ಇರುವುದು, ಅದನ್ನು ಬಿಸಾಡಬೇಡಿ. ಬೆಳಿಗ್ಗೆ ಮರೆತರೆ ರಾತ್ರಿ ಮಲಗುವ ಮುಂಚೆ ನುಂಗಬಹುದು. ಮರುದಿನ ನೆನಪಾದರೆ ಅವತ್ತಿನದು ಮಾತ್ರ, ಎರಡು ಒಟ್ಟಿಗೆ ಬೇಡ. ತಲೆನೋವು, ಸುಸ್ತು ಕೆಲವರಿಗೆ ಇರುತ್ತದೆ, ಸಹಿಸಬಹುದಾದದ್ದೇ.

ಲಿವರ್ ಟಾನಿಕ್ ಸಿರಪ್ಪಿಗೆ ದುಡ್ಡು ಹಾಕುವುದು ದಂಡ, ಅದರಿಂದ ವೈರಸ್ ಸಾಯುವುದಿಲ್ಲ. ಕಾಮಾಲೆಯ ನಾಟಿ ಔಷಧಿ ಈ ಮೂರು ತಿಂಗಳು ಮನೆಗೇ ಬರಬಾರದು. ಒಂದು ತಿಂಗಳಿಗೇ ಲಿವರ್ ಟೆಸ್ಟ್ ನಾರ್ಮಲ್ ಬಂತೆಂದು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ಕೊನೆಯ ಮಾತ್ರೆ ನುಂಗಿ 12 ವಾರ ಆದ ಮೇಲೆ ಮತ್ತೆ ಆರ್‌ಎನ್‌ಎ ಪರೀಕ್ಷೆ. ವೈರಸ್ ಕಾಣದಿದ್ದರೆ ವಾಸಿ. ಆಂಟಿಬಾಡಿ ಟೆಸ್ಟ್ ವಾಸಿಯಾದ ಮೇಲೂ ಪಾಸಿಟಿವ್ ತೋರಿಸುತ್ತಿರುತ್ತದೆ, ಅದನ್ನು ಮತ್ತೆ ಮಾಡಿಸಿ ಗಾಬರಿಯಾಗಬೇಡಿ. ಸಿರೋಸಿಸ್ ಇದ್ದವರು ಮಾತ್ರ ವಾಸಿಯಾದರೂ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು, ಆ ಲಿವರಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಪೂರ್ತಿ ಹೋಗಿರುವುದಿಲ್ಲ.