ಸುಸ್ತಾದ ಎಕ್ಸ್-04 ಮೋಟಾರಿಗೆ ಹೊಸ ಮ್ಯಾಗ್ನೆಟ್: ನನ್ನ ಅನುಭವ

ಬ್ರಿಟನ್ನಿನ ಟ್ರೈ-ಆಂಗ್ ಕಂಪನಿಯ ಹಳೇ ಜಿಂಟಿ, ಅಂದರೆ ಮಾದರಿ ರೈಲಿನ ಪುಟ್ಟ ಇಂಜಿನ್, ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆ ಗೊತ್ತು. ಐದು ನಿಮಿಷ ಓಡುತ್ತದೆ, ಮೋಟಾರು ಕೈ ಇಡಲಾಗದಷ್ಟು ಕಾಯುತ್ತದೆ, ಮೂರು ಬೋಗಿ ಸಿಕ್ಕಿಸಿದರೆ ನಿಂತೇ ಬಿಡುತ್ತದೆ. "ಮ್ಯಾಗ್ನೆಟ್ ಸತ್ತಿದೆ ಕಣ್ರೀ, ಇದನ್ನ ಬಿಸಾಕಿ ಕ್ಯಾನ್ ಮೋಟಾರ್ ಹಾಕ್ಕೊಳ್ಳಿ" ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದರು. ನಾನು ಹಾಕಲಿಲ್ಲ. ಕ್ಯಾನ್ ಮೋಟಾರ್ ಅಂದರೆ ಡಬ್ಬಿಯಂತೆ ಮುಚ್ಚಿದ ಹೊಸ ಕಾಲದ ಮೋಟಾರು. ಇವತ್ತು ನನ್ನ ಹತ್ತಿರ ಇರುವ ಹಳೇ ಟ್ಯಾಂಕ್ ಇಂಜಿನ್‌ಗಳಲ್ಲಿ (ನೀರಿನ ಟ್ಯಾಂಕನ್ನು ತಾವೇ ಹೊತ್ತ ಇಂಜಿನ್‌ಗಳ ಮಾದರಿಗಳು) ಹೆಚ್ಚಿನವು ಟ್ರೈ-ಆಂಗ್ ಹಾಕಿದ ಮೂಲ ಎಕ್ಸ್-04 ಮೋಟಾರಿನಲ್ಲೇ ಓಡುತ್ತಿವೆ. ಬದಲಾಗಿದ್ದು ಮ್ಯಾಗ್ನೆಟ್ ಮಾತ್ರ.

ಮೊದಲು ದುಡ್ಡಿನ ಮಾತು. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಭಾನುವಾರದ ಸ್ವಾಪ್ ಮೀಟ್‌ಗಳಲ್ಲಿ, ಅಂದರೆ ಹಳೇ ಮಾದರಿಗಳ ಸಂತೆಗಳಲ್ಲಿ, ಹುಡುಕಿ ಕೊಡುತ್ತಾನೆ. ಓಡುವ ಜಿಂಟಿಗೆ 25 ಪೌಂಡ್ ಆಸುಪಾಸು, ಓಡದ್ದಕ್ಕೆ ಅದರ ಅರ್ಧಕ್ಕೂ ಕಡಿಮೆ. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸೇರಿ ಇಂಜಿನ್ನಿನ ಬೆಲೆಯಷ್ಟೇ ಮತ್ತೆ ಕೊಡಬೇಕು. ಅದಕ್ಕೇ ಯಾರಾದರೂ ಊರಿಗೆ ಬರುವವರ ಸೂಟ್‌ಕೇಸೇ ನನಗೆ ದಾರಿ. ಕ್ಯಾನ್ ಮೋಟಾರ್, ಅದಕ್ಕೆ ಹೊಂದುವ ಗೇರು, ಕೂರಿಸುವ ತೊಟ್ಟಿಲು ಎಲ್ಲ ಸೇರಿದರೆ ಮೂರು ಸಾವಿರ ದಾಟುತ್ತದೆ. ಸಾವಿರ ಚಿಲ್ಲರೆಗೆ ಬಂದ ಓಡದ ಇಂಜಿನ್ನಿಗೆ ಮೂರು ಸಾವಿರದ ಮೋಟಾರು ಯಾಕೆ, ಅಲ್ವಾ? ಅದೂ ಅಲ್ಲದೆ ಎಕ್ಸ್-04ರ ಆ ಗುರ್ ಸದ್ದು ಹೋದರೆ ಅದು ಟ್ರೈ-ಆಂಗ್ ಅನ್ನಿಸುವುದೇ ಇಲ್ಲ.

ಮೊದಲು ಹಳೇ ಮ್ಯಾಗ್ನೆಟ್ಟಿಗೇ ಮತ್ತೆ ಶಕ್ತಿ ತುಂಬಿಸಲು ಹೋದೆ. ಸ್ಪೀಕರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಚಾರ್ಜ್ ಮಾಡುವ ಕಾಯಿಲ್ ಇತ್ತು. ಒಂದಕ್ಕೆ ಇನ್ನೂರೋ ಮುನ್ನೂರೋ ತೆಗೆದುಕೊಂಡರು. ಅಲ್ಲಿ ಕೂತು ನೋಡಿದಾಗ ಸ್ಪ್ಯಾನರನ್ನೇ ಎಳೆಯುತ್ತಿದ್ದ ಮ್ಯಾಗ್ನೆಟ್, ಮನೆಗೆ ತಂದು ಮೋಟಾರಿಗೆ ಕೂರಿಸುವಷ್ಟರಲ್ಲಿ ಸಪ್ಪೆ. ಹಳೇ ಮ್ಯಾಗ್ನೆಟ್ಟಿನ ಮಿಶ್ರಲೋಹವಾದ ಅಲ್ನಿಕೊದ ಗುಣವೇ ಅದು. ಫ್ರೇಮಿನಿಂದ ಬಿಚ್ಚಿ ಬರಿದಾಗಿ ಇಟ್ಟರೆ ಎಷ್ಟೋ ಶಕ್ತಿ ಅಲ್ಲೇ ಹೋಗುತ್ತದೆ. ಎರಡೂ ತುದಿಯನ್ನು ಸೇರಿಸುವ ಕಬ್ಬಿಣದ ತುಂಡು, ಅಂದರೆ ಕೀಪರ್, ಇರಲೇಬೇಕು. ಕೀಪರ್ ಹಾಕಿಯೂ ನೋಡಿದೆ. ಸ್ವಲ್ಪ ವಾಸಿ, ಅಷ್ಟೇ. ಇಡೀ ಮೋಟಾರನ್ನೇ ಜೋಡಿಸಿದ ಹಾಗೇ ಕಾಯಿಲಿನಲ್ಲಿ ಇಡಲು ಅವರ ಯಂತ್ರದಲ್ಲಿ ಜಾಗ ಇರಲಿಲ್ಲ. ಹೀಗೆ ಸಾವಿರ, ಒಂದೂವರೆ ಸಾವಿರ ಹೋಯಿತು.

ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋದೆ. 10 ಮಿ.ಮೀ. ಅಗಲದ ನಿಯೋಡಿಮಿಯಮ್ ಬಿಲ್ಲೆಗಳು (ಪುಟ್ಟದಾದರೂ ತುಂಬ ಬಲದ ಮ್ಯಾಗ್ನೆಟ್), ಡಜನ್ನಿಗೆ ಮುನ್ನೂರರ ಹತ್ತಿರ ಕೊಟ್ಟ ನೆನಪು. ಹಳೇ ಮ್ಯಾಗ್ನೆಟ್ ಇದ್ದ ಜಾಗದ ತುಂಬ ಬಿಲ್ಲೆ ಜೋಡಿಸಿದರೆ ಕೆಲಸ ಕೆಡುತ್ತದೆ. ಮೋಟಾರಿನೊಳಗೆ ತಿರುಗುವ ಆರ್ಮೇಚರನ್ನು ಬೆರಳಿನಲ್ಲಿ ತಿರುಗಿಸಿದರೆ ಕಟಕ್ ಕಟಕ್ ಅಂತ ಹಿಡಿದು ಹಿಡಿದು ತಿರುಗುತ್ತದೆ. ಇಂಜಿನ್ನೂ ಹಾಗೆಯೇ ಮುಗ್ಗರಿಸಿಕೊಂಡು ಹೊರಡುತ್ತದೆ. ಬಿಲ್ಲೆ ಕಡಿಮೆ ಮಾಡಿ, ಉಳಿದ ಜಾಗಕ್ಕೆ ಮೆದು ಕಬ್ಬಿಣದ ತುಂಡು ತುಂಬಿದಾಗ ದಾರಿಗೆ ಬಂತು. ಎಷ್ಟು ಬಿಲ್ಲೆ, ಕಬ್ಬಿಣ ಎಷ್ಟು ದಪ್ಪ, ಯಾವ ಕಡೆ ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತುಂಬ ದಿನ ತಿಂದ ಲೆಕ್ಕ ಅದು. ಒಂದು ಮಾತು ಹೇಳುತ್ತೇನೆ: ಧ್ರುವ ಅದಲು ಬದಲಾದರೆ ಇಂಜಿನ್ ಹಿಂದಕ್ಕೆ ಓಡುತ್ತದೆ. ಗಾಬರಿ ಬೇಡ, ಬಿಲ್ಲೆಗಳನ್ನು ತಿರುಗಿಸಿ ಹಾಕಿದರೆ ಆಯಿತು.

ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಬ್ರಷ್‌ಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಬಿಚ್ಚುವಾಗ ಮಾತ್ರ ಕಣ್ಣು ಅಲ್ಲೇ ಇರಲಿ. ಆ ಸ್ಪ್ರಿಂಗಿನ ಎರಡು ಕಾಲುಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ತಡೆಯುವ ಕೂದಲೆಳೆಯಂಥ ಸ್ಲೀವ್ (ಕೊಳವೆ) ಇರುತ್ತದೆ. ಎಷ್ಟೋ ಸಲ ಅದು ಪುಡಿಯಾಗಿ ಉದುರಿರುತ್ತದೆ, ಇಲ್ಲವೇ ಹಿಂದಿನ ಮಾಲೀಕರು ಕಳೆದಿರುತ್ತಾರೆ. ಸ್ಲೀವ್ ಇಲ್ಲದೆ ಕರೆಂಟ್ ಕೊಟ್ಟರೆ ನೇರ ಶಾರ್ಟ್. "ಸತ್ತ ಮೋಟಾರು" ಅಂತ ಕಡಿಮೆಗೆ ಬಂದವುಗಳಲ್ಲಿ ಹಲವಕ್ಕೆ ಇಷ್ಟೇ ಕಾಯಿಲೆ. ತೆಳು ವೈರಿನ ಸಿಪ್ಪೆಯನ್ನು ಎಳೆದು ಎರಡು ಮೂರು ಮಿ.ಮೀ. ಕತ್ತರಿಸಿ ಏರಿಸುತ್ತೇನೆ. ಬ್ರಷ್ ತಾಗುವ ಕಮ್ಯುಟೇಟರಿನ ಸಂದುಗಳ ಕೊಳೆ ತೆಗೆಯಲು ಬಿದಿರಿನ ಹಲ್ಲುಕಡ್ಡಿಯೇ ಸಾಕು, ಸೂಜಿ ಬೇಡ.

ಫಲಿತಾಂಶ ಕೇಳಿ. ಮೊದಲು ಮೂರು ಬೋಗಿ ಎಳೆಯುವಾಗ ಮುಕ್ಕಾಲು ಆಂಪಿಯರಿಗಿಂತ ಜಾಸ್ತಿ ಕುಡಿಯುತ್ತಿದ್ದ ಮೋಟಾರು ಈಗ ಕಾಲು ಆಂಪಿಯರ್ ಆಸುಪಾಸು. ಏಳು ವೋಲ್ಟಿಗೆ ಜಿಗಿದು ಹೊರಡುತ್ತಿದ್ದದ್ದು ನಾಲ್ಕಕ್ಕೇ ಮೆಲ್ಲಗೆ ಕದಲುತ್ತದೆ. ಅರ್ಧ ಗಂಟೆ ಓಡಿಸಿ ಮುಟ್ಟಿದರೆ ಬರೀ ಬೆಚ್ಚಗೆ.

ಮಲ್ಲೇಶ್ವರದ ಹಿರಿಯರೊಬ್ಬರು ಬಂದು ನೋಡಿ, "ಸ್ಪೀಡೇ ಇಲ್ವಲ್ಲಪ್ಪ, ಮೊದಲೇ ಚೆನ್ನಾಗಿತ್ತು" ಅಂದರು. ಮ್ಯಾಗ್ನೆಟ್ ಗಟ್ಟಿಯಾದರೆ ಓಟ ತಗ್ಗುತ್ತದೆ, ಎಳೆತ ಏರುತ್ತದೆ. ಇದು ಎಷ್ಟೋ ಜನರ ತಲೆಗೆ ಹತ್ತುವುದಿಲ್ಲ. ಜಿಂಟಿ ಏನು ಎಕ್ಸ್‌ಪ್ರೆಸ್ ಇಂಜಿನ್ನೇ? 1924ರಿಂದ 1931ರವರೆಗೆ 422 ನಿಜವಾದ ಜಿಂಟಿ ಕಟ್ಟಿದ್ದು ಯಾರ್ಡಿನಲ್ಲಿ ವ್ಯಾಗನ್ ತಳ್ಳುವುದಕ್ಕೆ, ಪುಟ್ಟ ಲೈನುಗಳಲ್ಲಿ ಓಡಾಡುವುದಕ್ಕೆ. "ಸರ್, ಈಗ ಒಂದೊಂದೇ ಬೋಗಿ ಸೇರಿಸ್ತಾ ಹೋಗಿ" ಅಂದೆ. ಹತ್ತನೆಯದಕ್ಕೂ ನಮ್ಮ 47606 ನಂಬರಿನ ಜಿಂಟಿ ಹೊರಟಿತು. ಮುಂದಿನ ತಿಂಗಳು ಅವರೇ ಎರಡು ಇಂಜಿನ್ ಚೀಲದಲ್ಲಿ ಹಾಕಿಕೊಂಡು ಬಂದರು.

ತೊಂದರೆಯೇ ಇಲ್ಲ ಅಂತಲ್ಲ. ಈ ಮ್ಯಾಗ್ನೆಟ್ ಹಾಕಿದ ಇಂಜಿನ್ ಹಳಿಯ ಮೇಲಿನ ಮೊಳೆ, ಕಬ್ಬಿಣದ ಪುಡಿ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಒಂದು ಚೂರು ಗೇರಿಗೆ ಸಿಕ್ಕರೆ ಹಲ್ಲು ಹೋಯಿತು ಅಂತಲೇ. ಓಡಿಸುವ ಮುಂಚೆ ಬೇರೊಂದು ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಳಿ ಉದ್ದಕ್ಕೂ ಎಳೆಯುತ್ತೇನೆ. ಆದರೆ ಹಳೇ ಉಕ್ಕಿನ ಹಳಿಯ ಮೇಲೆ ಇದರಿಂದ ಸ್ವಲ್ಪ ಹಿಡಿತವೂ ಸಿಗುತ್ತದೆ. 1960ರ ದಶಕದಲ್ಲಿ ಟ್ರೈ-ಆಂಗ್‌ನವರೇ ಮ್ಯಾಗ್ನಡ್‌ಹೀಶನ್ ಅಂತ ಹೆಸರಿಟ್ಟು ಇದನ್ನೇ ಮಾರಿದ್ದರು. ನಿಕ್ಕಲ್ ಸಿಲ್ವರ್ ಹಳಿಯಲ್ಲಿ ಆ ಲಾಭ ಇಲ್ಲ. ಅಲ್ಲಿಗೆ ಟೈರ್ ಅಂಗಡಿಯ ಸೀಸದ ತೂಕಗಳನ್ನು ಬಡಿದು ಚಪ್ಪಟೆ ಮಾಡಿ ಟ್ಯಾಂಕಿನೊಳಗೆ ಅಂಟಿಸಿದೆ, ಸುಮಾರು 40 ಗ್ರಾಂ. ಹಳಿಗೆ ಪೆನ್ಸಿಲ್ ಗ್ರಾಫೈಟ್ ಉಜ್ಜಿಯೂ ನೋಡಿದೆ. ಚಕ್ರದಡಿ ಕಿಡಿ ಮಿಣುಕುವುದು ನಿಂತಿತು, ಆದರೆ ಏರಿನಲ್ಲಿ ಚಕ್ರ ಜಾರಿತು. ಸಮತಟ್ಟು ಲೈನಿಗೆ ಮಾತ್ರ ಸರಿ.

ಬಿಡಿಭಾಗ ಬೇಕೆಂದರೆ ಜಿಂಟಿಯನ್ನೇ ಹುಡುಕಬೇಡಿ. ಟ್ರೈ-ಆಂಗ್‌ನ ಡೀಸೆಲ್ ಶಂಟರ್ (ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಇಂಜಿನ್), ಆಮೇಲಿನ ಪ್ಯಾನಿಯರ್ ಟ್ಯಾಂಕ್ ಇಂಜಿನ್ ಕೂಡ ಇದೇ ಚಾಸಿ ಮೇಲೆ ಕೂತಿವೆ. ಬಾಡಿ ಒಡೆದ ಡೀಸೆಲ್ ಶಂಟರನ್ನು ಯಾರೂ ಕೇಳುವುದಿಲ್ಲ, ಐದಾರು ಪೌಂಡಿಗೆ ಸಿಗುತ್ತದೆ.

ತೆಗೆದ ಅಲ್ನಿಕೊವನ್ನು ಎಸೆಯಬೇಡಿ. ಕೀಪರ್ ಸಮೇತ ಪೊಟ್ಟಣ ಕಟ್ಟಿ, ಇಂಜಿನ್ನಿನ ನಂಬರ್ ಬರೆದು ಅದರ ಡಬ್ಬಿಯಲ್ಲೇ ಇಡಿ. ಮಾರುವಾಗ ಮೂಲ ಭಾಗ ಕೇಳುವವರು ಇದ್ದೇ ಇದ್ದಾರೆ. ಬಣ್ಣಕ್ಕಂತೂ ಕೈ ಹಾಕಲೇಬೇಡಿ, ಸವೆದ ನಂಬರೇ ಇರಲಿ. ಈಗ ಮೇಜಿನ ಮೇಲೆ ಇನ್ನೊಂದು ಹಳೇ ಬ್ರಿಟಿಷ್ ಮಾದರಿ, ಹಾರ್ನ್‌ಬಿ ಡಬ್ಲೊದ ಮೂರು ಹಳಿಯ 0-6-2 (ಆರು ದೊಡ್ಡ ಚಕ್ರ, ಹಿಂದೆ ಎರಡು ಚಿಕ್ಕವು) ಟ್ಯಾಂಕ್ ಇಂಜಿನ್ ಬಿಚ್ಚಿಕೊಂಡು ಕೂತಿದೆ. ಅದರ ಮ್ಯಾಗ್ನೆಟ್ಟಿನ ಅಳತೆಯೇ ಬೇರೆ, ಈ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಕಬ್ಬಿಣದ ತುಂಡನ್ನು ಲೇತಿನಲ್ಲಿ ಕಡೆಯಲು ಪೀಣ್ಯದಲ್ಲಿ ಒಬ್ಬರಿಗೆ ಕೊಟ್ಟಿದ್ದೇನೆ.